ನಶೆಯ ನೆರಳಿನಲ್ಲಿ ರಾಕ್ ಸಂಗೀತ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ ಮತ್ತು ಬ್ರಿಟನ್ನುಗಳಲ್ಲಿ ಬೆಳೆದು ಜಗತ್ತನ್ನೆಲ್ಲ ವ್ಯಾಪಿಸಿದ ರಾಕ್ ಸಂಗೀತದ ಚರಿತ್ರೆಯನ್ನು ಮಾದಕ ವಸ್ತುಗಳ ಪ್ರಸ್ತಾಪವಿಲ್ಲದೆ ಬರೆದು ಮುಗಿಸಲಾಗದು. ವಿದ್ಯುತ್ ಗಿಟಾರ್, ಬಾಸ್ ಗಿಟಾರ್, ಡ್ರಮ್ಸ್ ಮತ್ತು ಗಟ್ಟಿ ದನಿಯ ಹಾಡುಗಾರಿಕೆ ಸೇರಿ ಆಗುವ ಈ ಪ್ರಕಾರ 1960ರ ದಶಕದ ಮಧ್ಯಭಾಗದಿಂದ ಮುಂದಿನ ಹದಿನೈದು ವರ್ಷಗಳಲ್ಲಿ ತನ್ನ ಅತ್ಯಂತ ಫಲವತ್ತಾದ ಕಾಲವನ್ನು ಕಂಡಿತು. ಅದರ ಪ್ರಸಿದ್ಧ ಅಕಾಲಮರಣಗಳಲ್ಲಿ ಹೆಚ್ಚಿನವೂ ಆ ಕಾಲಕ್ಕೇ ಸೇರಿದವು. ಎರಡೂ ಜೊತೆಜೊತೆಗೆ ನಡೆದದ್ದರಿಂದ ಒಂದಕ್ಕೆ ಇನ್ನೊಂದು ಕಾರಣವೆಂಬ ನಂಬಿಕೆ ಬಲಿಯಿತು: ನಶೆಯಿಲ್ಲದೆ ಆ ಹಾಡುಗಳು ಹುಟ್ಟುತ್ತಲೇ ಇರಲಿಲ್ಲ ಎಂದು ಅಭಿಮಾನಿಗಳೂ, ಆ ಸಂಗೀತವೆಂದರೇ ನಶೆ ಎಂದು ವಿರೋಧಿಗಳೂ ಇಂದಿಗೂ ವಾದಿಸುತ್ತಾರೆ. ಧ್ವನಿಮುದ್ರಣಗಳ ವಿವರಗಳನ್ನೂ ಕಲಾವಿದರ ಬದುಕಿನ ಕಾಲಾನುಕ್ರಮವನ್ನೂ ಎದುರಿಗಿಟ್ಟುಕೊಂಡು ನೋಡಿದರೆ ಈ ಎರಡು ವಾದಗಳೂ ಒಂದೇ ಕಡೆ ಎಡವುತ್ತವೆ. ಹಾಡು ಕಟ್ಟುವುದು ಎಷ್ಟು ತಾಳ್ಮೆಯ, ಎಷ್ಟು ಜನರ ಕೈ ಸೇರಿದ ಕೆಲಸ ಎಂಬುದನ್ನು ಎರಡೂ ಗಮನಕ್ಕೆ ತೆಗೆದುಕೊಳ್ಳುವುದಿಲ್ಲ.

ಈ ನಂಬಿಕೆ ರಾಕ್ ಸಂಗೀತಕ್ಕಿಂತ ಬಹಳ ಹಳೆಯದು. ಇಂಗ್ಲಿಷ್ ಲೇಖಕ ಥಾಮಸ್ ಡಿಕ್ವಿನ್ಸಿ ತನ್ನ ಅಫೀಮು ಸೇವನೆಯ ನಿವೇದನೆಯನ್ನು 1821ರಲ್ಲಿ ಪ್ರಕಟಿಸಿದ ಕಾಲದಿಂದಲೂ, ಬರಿಗಣ್ಣಿಗೆ ಕಾಣದ್ದನ್ನು ಅಮಲು ಕವಿಗೆ ಕಾಣಿಸುತ್ತದೆಂಬ ರಮ್ಯ ಕಲ್ಪನೆ ಯುರೋಪಿನಲ್ಲಿ ಬೇರುಬಿಟ್ಟಿತ್ತು. ಸಂಗೀತಗಾರರ ನಡುವೆ ಅದು ಬಲವಾಗಿ ಹಬ್ಬಿದ್ದು ಅಮೆರಿಕದ ಜಾಝ್ ವಲಯದಲ್ಲಿ, 1940ರ ದಶಕದಲ್ಲಿ. ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್‌ಗೆ ಹೆರಾಯಿನ್ ಚಟವಿತ್ತು. ಅವನ ವೇಗಕ್ಕೂ ಮನೋಧರ್ಮಕ್ಕೂ ಸಾಟಿಯಿಲ್ಲದ್ದರಿಂದ, ಅವನಂತೆ ನುಡಿಸಬೇಕಾದರೆ ಅವನಂತೆಯೇ ಬದುಕಬೇಕೆಂದು ತಿಳಿದ ಕಿರಿಯ ವಾದಕರು ಒಬ್ಬರ ಹಿಂದೊಬ್ಬರು ಸೂಜಿಯ ಮೊರೆಹೋದರು. ನಶೆಯಲ್ಲಿ ತಾನು ಚೆನ್ನಾಗಿ ನುಡಿಸುತ್ತೇನೆ ಎನ್ನುವ ಸಂಗೀತಗಾರ ಸುಳ್ಳು ಹೇಳುತ್ತಾನೆ ಎಂಬ ಅರ್ಥದ ಮಾತನ್ನು ಪಾರ್ಕರ್ ಸ್ವತಃ ಆಡಿದ್ದ. ಆದರೆ ಕಿರಿಯರು ಕಿವಿಗೊಟ್ಟದ್ದು ಅವನ ವಾದನಕ್ಕೆ, ಕಣ್ಣಿಟ್ಟದ್ದು ಅವನ ಬದುಕಿಗೆ. 1955ರಲ್ಲಿ, 34ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1957ರಲ್ಲಿ ಹೆರಾಯಿನ್ ತೊರೆದು, ಇಂದು ಅವನ ಹೆಸರನ್ನು ಉಳಿಸಿರುವ ಕೃತಿಗಳಲ್ಲಿ ಬಹುಪಾಲನ್ನು ಆ ನಂತರದ ಹತ್ತು ವರ್ಷಗಳಲ್ಲಿ ರಚಿಸಿದ. ದಂತಕಥೆ ಕಟ್ಟುವವರಿಗೆ ಈ ಉದಾಹರಣೆ ಅಷ್ಟಾಗಿ ಒದಗಿ ಬರಲಿಲ್ಲ.

ಮಾದಕ ವಸ್ತು ಎಂಬ ಒಂದೇ ಹೆಸರಿನ ಕೆಳಗೆ ಪರಸ್ಪರ ನಂಟೇ ಇಲ್ಲದ ಹಲವು ರಾಸಾಯನಿಕಗಳನ್ನು ಸೇರಿಸಿಬಿಡುವುದರಿಂದ ಚರ್ಚೆ ಮೊದಲ ಹೆಜ್ಜೆಯಲ್ಲೇ ಗೊಂದಲಕ್ಕೆ ಬೀಳುತ್ತದೆ. ಆಂಫೆಟಮೈನ್ ಜಾತಿಯ ಉತ್ತೇಜಕಗಳು ಮಿದುಳಿನಲ್ಲಿ ಡೋಪಮೈನ್ ಮುಂತಾದ ನರವಾಹಕ ರಾಸಾಯನಿಕಗಳನ್ನು ಅತಿಯಾಗಿ ಬಿಡುಗಡೆ ಮಾಡಿಸಿ ನಿದ್ದೆಯನ್ನೂ ಹಸಿವನ್ನೂ ಓಡಿಸುತ್ತವೆ. ಅಫೀಮಿನಲ್ಲಿರುವ ಮಾರ್ಫಿನ್ ಮತ್ತು ಅದರಿಂದ ತಯಾರಾಗುವ ಹೆರಾಯಿನ್ ನೋವನ್ನು ಅಡಗಿಸುವುದರ ಜೊತೆಗೆ ಉಸಿರಾಟವನ್ನೇ ಕುಗ್ಗಿಸುತ್ತವೆ. ಎಲ್‌ಎಸ್‌ಡಿಯಂಥ ಭ್ರಾಂತಿಕಾರಕಗಳು ಸೆರಟೋನಿನ್ ಎಂಬ ನರವಾಹಕಕ್ಕೆ ಮೀಸಲಾದ ಗ್ರಾಹಿಗಳ ಮೇಲೆ ವರ್ತಿಸಿ ಬಣ್ಣ, ಶಬ್ದ, ಕಾಲ ಇವುಗಳ ಅನುಭವವನ್ನು ಕಲಸಿಹಾಕುತ್ತವೆ. ಯಾವ ಹಾಡಿನ ಹಿಂದೆ ಇವುಗಳಲ್ಲಿ ಯಾವುದು ಇತ್ತು ಎಂದು ಕೇಳದೆ ಸೃಜನಶೀಲತೆಯ ಮಾತೆತ್ತುವುದು ವ್ಯರ್ಥ.

ರಾಕ್ ಕಲಾವಿದರನ್ನು ಮೊದಲು ಮಾತ್ರೆಯ ಬಳಿಗೆ ಕೊಂಡೊಯ್ದದ್ದು ದಿವ್ಯದರ್ಶನದ ಹಂಬಲವಲ್ಲ, ದುಡಿಮೆಯ ಒತ್ತಡ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಬೀಟಲ್ಸ್ ತಂಡ 1960ರಿಂದ 1962ರವರೆಗೆ ಜರ್ಮನಿಯ ಬಂದರು ನಗರ ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ಹಲವು ಅವಧಿಗಳಲ್ಲಿ ನುಡಿಸಿತು. ರಾತ್ರಿಗೆ ಏಳೆಂಟು ಗಂಟೆ ವೇದಿಕೆಯ ಮೇಲಿರಬೇಕಾದ ಪ್ರಸಂಗಗಳೂ ಇದ್ದವು. ಅಲ್ಲಿ ಅವರಿಗೆ ಪರಿಚಯವಾದ ಪ್ರೆಲುಡಿನ್, ತೂಕ ಇಳಿಸಿಕೊಳ್ಳುವವರಿಗಾಗಿ ಮಾರಾಟವಾಗುತ್ತಿದ್ದ ಒಂದು ಉತ್ತೇಜಕ ಮಾತ್ರೆ. ಬೀಟಲ್ಸ್ ಅಲ್ಲಿಂದ ಪಳಗಿದ ವಾದಕರಾಗಿ ಹಿಂತಿರುಗಿದ್ದು ನಿಜವಾದರೂ ಪಳಗಿಸಿದ್ದು ನೂರಾರು ರಾತ್ರಿಗಳ ಸಾಧನೆ. ಮಾತ್ರೆ ಮಾಡಿದ್ದು ಎಚ್ಚರ ಇಡುವ ಕೆಲಸವನ್ನಷ್ಟೆ. 1964ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಗಾಯಕ ಬಾಬ್ ಡಿಲನ್ ಈ ತಂಡಕ್ಕೆ ಗಾಂಜಾದ ರುಚಿ ಹತ್ತಿಸಿದ. 1965ರಲ್ಲಿ ಲಂಡನ್ನಿನ ಒಬ್ಬ ದಂತವೈದ್ಯ ತಂಡದ ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್ ಇಬ್ಬರಿಗೂ ತಿಳಿಸದೆಯೇ ಕಾಫಿಯಲ್ಲಿ ಎಲ್‌ಎಸ್‌ಡಿ ಬೆರೆಸಿ ಕೊಟ್ಟ.

ಎಲ್‌ಎಸ್‌ಡಿ ಆಗ ಕಾನೂನುಬಾಹಿರವಾಗಿರಲಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಔಷಧ ಕಂಪನಿಯ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್, ರೈ ಎಂಬ ಧಾನ್ಯಕ್ಕೆ ತಗಲುವ ಎರ್ಗಟ್ ಶಿಲೀಂಧ್ರದ ಮೇಲಿನ ಸಂಶೋಧನೆಯ ಅಂಗವಾಗಿ 1938ರಲ್ಲಿ ಅದನ್ನು ತಯಾರಿಸಿ, 1943ರ ಏಪ್ರಿಲ್‌ನಲ್ಲಿ ಅದರ ಪರಿಣಾಮವನ್ನು ತನ್ನ ಮೈಮೇಲೆಯೇ ಕಂಡುಕೊಂಡಿದ್ದ. ಉದ್ದೇಶಪೂರ್ವಕವಾಗಿ ಅವನು ಸೇವಿಸಿದ ಮೊದಲ ಪ್ರಮಾಣ 250 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ನಾಲ್ಕು ಸಾವಿರದಲ್ಲಿ ಒಂದು ಪಾಲು. ಅಷ್ಟು ಅಲ್ಪ ಪ್ರಮಾಣವೇ ಅವನನ್ನು ತಲ್ಲಣಗೊಳಿಸಿತು. ಮನೋವೈದ್ಯರ ಪ್ರಯೋಗಗಳಿಂದ ಹೊರಬಿದ್ದ ಈ ವಸ್ತು 1960ರ ದಶಕದ ಮಧ್ಯದ ಹೊತ್ತಿಗೆ ಕ್ಯಾಲಿಫೋರ್ನಿಯದ ಬೀದಿಗಳನ್ನು ತಲುಪಿತ್ತು. 1966ರಲ್ಲಿ ಬ್ರಿಟನ್ ಮತ್ತು ಕ್ಯಾಲಿಫೋರ್ನಿಯ ಎರಡೂ ಅದನ್ನು ನಿಷೇಧಿಸಿದವು.

ನಶೆ ಮತ್ತು ಸೃಷ್ಟಿಯ ಸಂಬಂಧವನ್ನು ಪರೀಕ್ಷಿಸಲು ಆ ವರ್ಷದ ಏಪ್ರಿಲ್‌ನಲ್ಲಿ ಲಂಡನ್ನಿನ ಆ್ಯಬಿ ರೋಡ್ ರಸ್ತೆಯ ಇಎಂಐ ಸ್ಟುಡಿಯೋದಲ್ಲಿ ಮುದ್ರಣವಾದ 'ಟುಮಾರೋ ನೆವರ್ ನೋಸ್' ಹಾಡಿಗಿಂತ ಉತ್ತಮ ನಿದರ್ಶನ ಸಿಗುವುದು ಕಷ್ಟ. ಬೀಟಲ್ಸ್‌ನ 'ರಿವಾಲ್ವರ್' ಆಲ್ಬಮ್ಮಿನ ಕೊನೆಯಲ್ಲಿ ಬರುವ ಈ ಹಾಡಿನ ವಸ್ತು ಲೆನನ್‌ನ ಎಲ್‌ಎಸ್‌ಡಿ ಅನುಭವವೇ. ಟಿಬೆಟ್ಟಿನ ಮರಣಗ್ರಂಥವನ್ನು ಆಧರಿಸಿ ಅಮೆರಿಕದ ಮನೋವಿಜ್ಞಾನಿ ಟಿಮೊತಿ ಲೀರಿ ಮತ್ತು ಸಂಗಡಿಗರು ಬರೆದ, ಭ್ರಾಂತಿಕಾರಕ ಸೇವಿಸುವವರಿಗೊಂದು ಕೈಪಿಡಿಯಂತಿದ್ದ ಪುಸ್ತಕವನ್ನು ಓದಿ ಅವನು ಇದನ್ನು ಬರೆದ. ಇಷ್ಟರಮಟ್ಟಿಗೆ ಅಭಿಮಾನಿಗಳ ವಾದ ಸರಿ. ಆದರೆ ಬರೆದ ಸಾಲುಗಳು ನಾದವಾದ ಬಗೆ ಬೇರೆಯೇ ಇದೆ. ಹಾಡು ಬಹುಮಟ್ಟಿಗೆ ಒಂದೇ ಸ್ವರಮೇಳದ ಮೇಲೆ ನಿಲ್ಲುತ್ತದೆ, ಅದರ ಕೆಳಗೆ ತಂಬೂರಿ ಮಿಡಿಯುತ್ತದೆ. ಇದು ಹ್ಯಾರಿಸನ್ ಭಾರತೀಯ ಸಂಗೀತದಲ್ಲಿ ಬೆಳೆಸಿಕೊಂಡಿದ್ದ ಆಸಕ್ತಿಯ ಫಲ. ತಂಡದ ಪಾಲ್ ಮೆಕಾರ್ಟ್ನಿ ಯುರೋಪಿನ ಆಧುನಿಕ ಸಂಗೀತಕಾರರಿಂದ ಪ್ರೇರಿತನಾಗಿ ಮನೆಯಲ್ಲಿ ಟೇಪಿನ ತುಂಡುಗಳನ್ನು ಸುತ್ತುಗಳಾಗಿ ಜೋಡಿಸಿ ತಂದಿದ್ದ. ಹಾಡಿನಲ್ಲಿ ಕಡಲಹಕ್ಕಿಯ ಕೂಗಿನಂತೆ ಕೇಳುವುದು ವೇಗ ಹೆಚ್ಚಿಸಿದ ನಗುವಿನ ದನಿ. ಆ ಸುತ್ತುಗಳನ್ನು ಕಟ್ಟಡದ ಬೇರೆಬೇರೆ ಯಂತ್ರಗಳ ಮೇಲೆ ಓಡಿಸಿ, ಸಿಬ್ಬಂದಿ ಪೆನ್ಸಿಲುಗಳಿಂದ ಟೇಪನ್ನು ಬಿಗಿ ಹಿಡಿದು ನಿಂತಿರಲು, ನಿಯಂತ್ರಣ ಕೊಠಡಿಯಲ್ಲಿ ಒಂದೊಂದರ ದನಿಯನ್ನೂ ಏರಿಸಿ ಇಳಿಸಿ ಮಿಶ್ರಣ ಮಾಡಲಾಯಿತು. ತನ್ನ ಕಂಠ ದೂರದ ಬೆಟ್ಟದ ತುದಿಯಿಂದ ಲಾಮಾ ಒಬ್ಬರು ಪಠಿಸಿದಂತೆ ಕೇಳಬೇಕೆಂದು ಲೆನನ್ ಬಯಸಿದಾಗ, ಧ್ವನಿ ಎಂಜಿನಿಯರ್ ಜೆಫ್ ಎಮರಿಕ್ ಅದನ್ನು ಹ್ಯಾಮಂಡ್ ಆರ್ಗನ್ನಿಗೆಂದೇ ಇದ್ದ ಲೆಸ್ಲಿ ಎಂಬ ತಿರುಗುವ ಸ್ಪೀಕರಿನ ಮೂಲಕ ಹಾಯಿಸಿದ. ಎಮರಿಕ್‌ಗೆ ಆಗ ಇಪ್ಪತ್ತು ವರ್ಷ. ಎಲ್ಲದರ ಮೇಲ್ವಿಚಾರಣೆ ನಡೆಸಿದ ನಿರ್ಮಾಪಕ ಜಾರ್ಜ್ ಮಾರ್ಟಿನ್ ಶಾಸ್ತ್ರೀಯ ಸಂಗೀತದಲ್ಲಿ ತರಬೇತಾದವನು, ಟೈ ಕಟ್ಟಿ ಕೆಲಸಕ್ಕೆ ಬರುತ್ತಿದ್ದವನು, ನಶೆಯ ಗೊಡವೆಗೆ ಹೋಗದವನು. ಒಬ್ಬನ ಭ್ರಾಂತಿ ಹಾಡಿಗೆ ವಿಷಯವನ್ನು ಕೊಟ್ಟಿತು; ಹಾಡನ್ನು ಕೊಟ್ಟದ್ದು ಎಚ್ಚರವಾಗಿದ್ದವರ ಕಸುಬು.

ಒಂದು ವರ್ಷದ ನಂತರ ಇದರ ಇನ್ನೊಂದು ಮುಖವೂ ಅದೇ ಸ್ಟುಡಿಯೋದಲ್ಲಿ ಕಂಡಿತು. 1967ರ ಮಾರ್ಚ್‌ನಲ್ಲಿ 'ಸಾರ್ಜೆಂಟ್ ಪೆಪರ್ಸ್' ಆಲ್ಬಮ್ಮಿನ ಕೆಲಸ ನಡೆಯುತ್ತಿದ್ದ ಒಂದು ರಾತ್ರಿ ಲೆನನ್ ಉತ್ತೇಜಕವೆಂದು ತಿಳಿದು ಎಲ್‌ಎಸ್‌ಡಿ ನುಂಗಿಬಿಟ್ಟ; ಅವನ ಅಸ್ವಸ್ಥತೆಯ ಕಾರಣ ತಿಳಿಯದ ಮಾರ್ಟಿನ್ ಗಾಳಿ ಬರಲೆಂದು ಅವನನ್ನು ಕಟ್ಟಡದ ಮಾಳಿಗೆಗೆ ಕರೆದೊಯ್ದ. ಅಂದು ಲೆನನ್‌ನಿಂದ ಹಾಡಲಾಗಲಿಲ್ಲ. ನಶೆಯ ಕಾಲದ ಶಿಖರವೆಂದು ಹೆಸರಾದ ಆಲ್ಬಮ್ಮಿನ ಕೆಲಸದ ನಡುವೆಯೇ ನಶೆಯೇರಿದವನು ಮನೆಗೆ ಹೋಗಬೇಕಾಯಿತೆಂಬುದನ್ನು ಅದನ್ನು ಕೊಂಡಾಡುವವರು ನೆನಪಿಡುವುದು ಕಡಿಮೆ.

ಭ್ರಾಂತಿಕಾರಕಗಳು ಕೆಲವು ಕಲಾವಿದರ ಕೇಳ್ಮೆಯ ರೂಢಿಯನ್ನು ಸಡಿಲಿಸಿದವು, ಮೂರು ನಿಮಿಷದ ಪ್ರೇಮಗೀತೆಯ ಚೌಕಟ್ಟನ್ನು ಮೀರುವ ಧೈರ್ಯ ಕೊಟ್ಟವು ಎಂಬುದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಅದೇ ಸಡಿಲಿಕೆ ಬೇರೆ ದಾರಿಗಳಿಂದಲೂ ಬರುತ್ತಿತ್ತು. ಕ್ಯಾಲಿಫೋರ್ನಿಯದ ಫ್ರಾಂಕ್ ಜಾಪ್ಪಾ 1966ರಲ್ಲಿ ತನ್ನ 'ಮದರ್ಸ್ ಆಫ್ ಇನ್ವೆನ್ಷನ್' ತಂಡದೊಂದಿಗೆ ಹೊರತಂದ 'ಫ್ರೀಕ್ ಔಟ್' ಆ ಕಾಲದ ಅತ್ಯಂತ ವಿಲಕ್ಷಣ ಆಲ್ಬಮ್ಮುಗಳಲ್ಲೊಂದು. ಜಾಪ್ಪಾ ಮಾದಕ ವಸ್ತುಗಳನ್ನು ತಿರಸ್ಕರಿಸುತ್ತಿದ್ದ, ಪ್ರವಾಸದಲ್ಲಿ ತನ್ನ ವಾದಕರು ಅವುಗಳನ್ನು ಮುಟ್ಟಕೂಡದೆಂದು ಕಟ್ಟುನಿಟ್ಟು ಮಾಡಿದ್ದ. (ಕಾಫಿ ಮತ್ತು ಸಿಗರೇಟುಗಳ ವಿಷಯದಲ್ಲಿ ಮಾತ್ರ ಅವನಿಗೆ ಅಂಥ ಸಂಯಮವಿರಲಿಲ್ಲ.) ಪೂರ್ವದೇಶದ ಸಂಗೀತವೂ ನಶೆಯೂ ಒಂದೇ ಎಂಬಂತೆ ಹಿಪ್ಪಿಗಳು ನಡೆದುಕೊಂಡಾಗ ಪಂಡಿತ್ ರವಿಶಂಕರ್ ಅವರಿಗಾದ ಕಸಿವಿಸಿಯೂ ಇಲ್ಲಿ ಪ್ರಸ್ತುತ. ಹ್ಯಾರಿಸನ್‌ಗೆ ಸಿತಾರ್ ಕಲಿಸಿದ ಅವರು 1967ರ ಮಾಂಟೆರೆ ಮತ್ತು 1969ರ ವುಡ್‌ಸ್ಟಾಕ್ ಉತ್ಸವಗಳಲ್ಲಿ ನುಡಿಸಿದರೂ, ಅಮಲೇರಿಸಿಕೊಂಡು ಕಛೇರಿಗೆ ಬರುವುದನ್ನು ಬಹಿರಂಗವಾಗಿ ಆಕ್ಷೇಪಿಸಿದರು, ಕ್ರಮೇಣ ಅಂಥ ಉತ್ಸವಗಳಿಂದ ದೂರ ಸರಿದರು. ವರ್ಷಗಟ್ಟಲೆ ಗುರುವಿನ ಎದುರು ಕುಳಿತು ಕಲಿಯುವ ರಾಗವಿಸ್ತಾರವನ್ನು ಒಂದು ಮಾತ್ರೆಯಿಂದ ಅರಿಯಬಹುದೆಂಬ ಭಾವನೆ ಅವರಿಗೆ ಅವಮಾನವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಎಲ್ಲರಿಗೂ ಭ್ರಾಂತಿ ಇಳಿಯುವಂಥದ್ದಾಗಿರಲಿಲ್ಲ. 'ಪಿಂಕ್ ಫ್ಲಾಯ್ಡ್' ತಂಡದ ಮೊದಲ ಆಲ್ಬಮ್ 1967ರ ಆಗಸ್ಟ್‌ನಲ್ಲಿ ಬಂದಾಗ ಅದರ ಬಹುತೇಕ ಹಾಡುಗಳನ್ನು ಬರೆದವನು ಸಿಡ್ ಬ್ಯಾರೆಟ್. ಎಂಟು ತಿಂಗಳೊಳಗೆ ಅವನು ತಂಡದಲ್ಲಿ ಉಳಿಯಲಾರದ ಸ್ಥಿತಿಗೆ ಬಂದಿದ್ದ. ವೇದಿಕೆಯ ಮೇಲೆ ನುಡಿಸದೆ ನಿಂತುಬಿಡುತ್ತಿದ್ದ, ಮಾತಿಗೆ ಉತ್ತರಿಸುತ್ತಿರಲಿಲ್ಲ. 1975ರ ಜೂನ್ 5ರಂದು, ಅವನನ್ನೇ ಕುರಿತ ದೀರ್ಘ ಗೀತೆಯೊಂದರ ಕೆಲಸ ನಡೆದಿರುವಾಗ, ತಲೆ ಮತ್ತು ಹುಬ್ಬು ಬೋಳಿಸಿಕೊಂಡ ಸ್ಥೂಲಕಾಯದ ವ್ಯಕ್ತಿಯೊಬ್ಬ ಆ್ಯಬಿ ರೋಡ್ ಸ್ಟುಡಿಯೋದೊಳಗೆ ಬಂದು ಕುಳಿತ. ಹಳೆಯ ಗೆಳೆಯರಿಗೆ ಅವನು ಬ್ಯಾರೆಟ್ ಎಂದು ಗುರುತು ಹತ್ತಲು ಬಹಳ ಹೊತ್ತು ಹಿಡಿಯಿತು. 2006ರಲ್ಲಿ ತೀರಿಕೊಳ್ಳುವವರೆಗೆ ಕೇಂಬ್ರಿಜ್‌ನಲ್ಲಿ ಚಿತ್ರ ಬಿಡಿಸುತ್ತ, ತೋಟ ನೋಡಿಕೊಳ್ಳುತ್ತ ಅವನು ಕಾಲ ಕಳೆದ. 'ಬೀಚ್ ಬಾಯ್ಸ್' ತಂಡದ ಬ್ರಯನ್ ವಿಲ್ಸನ್ 'ಗುಡ್ ವೈಬ್ರೇಷನ್ಸ್' ಎಂಬ ಒಂದೇ ಹಾಡಿಗಾಗಿ 1966ರಲ್ಲಿ ಏಳು ತಿಂಗಳು ಹಲವು ಸ್ಟುಡಿಯೋಗಳಲ್ಲಿ ದುಡಿದವನು. ಅದರ ಬೆನ್ನಿಗೇ ಕೈಗೆತ್ತಿಕೊಂಡ 'ಸ್ಮೈಲ್' ಆಲ್ಬಮ್ಮನ್ನು 1967ರಲ್ಲಿ ಕೈಬಿಟ್ಟ, 2004ರಲ್ಲಷ್ಟೇ ಪೂರ್ಣಗೊಳಿಸಿದ. ಇಂಥವರ ವಿಷಯದಲ್ಲಿ ನಶೆಯೊಂದನ್ನೇ ಕಾರಣವೆಂದು ತೀರ್ಮಾನಿಸುವುದು ಸಲ್ಲದು. ಮನೋರೋಗದ ಒಲವು ಮೊದಲೇ ಇದ್ದವರಲ್ಲಿ ಭ್ರಾಂತಿಕಾರಕಗಳು ಅದನ್ನು ಕೆದಕಬಲ್ಲವು ಎಂದಷ್ಟೇ ವೈದ್ಯಶಾಸ್ತ್ರ ಹೇಳುತ್ತದೆ.

ಹೆರಾಯಿನ್‌ನ ಕಥೆ ಇನ್ನೂ ಒರಟು, ಅದರಲ್ಲಿ ದರ್ಶನದ ಸೋಗೂ ಇಲ್ಲ. ದೇಹ ಈ ವಸ್ತುವಿಗೆ ಬೇಗ ಒಗ್ಗಿಕೊಳ್ಳುವುದರಿಂದ ಅದೇ ಪರಿಣಾಮಕ್ಕೆ ಪ್ರಮಾಣ ಏರುತ್ತ ಹೋಗುತ್ತದೆ. ಕೆಲವು ಕಾಲ ಬಿಟ್ಟಿದ್ದವರು ಹಳೆಯ ಪ್ರಮಾಣಕ್ಕೇ ಮರಳಿದರೆ, ಒಗ್ಗಿಕೆ ಕಳೆದುಕೊಂಡ ದೇಹದಲ್ಲಿ ಉಸಿರಾಟ ನಿಂತುಹೋಗುತ್ತದೆ. ಗಾಯಕಿ ಜಾನಿಸ್ ಜೋಪ್ಲಿನ್ 1970ರ ಅಕ್ಟೋಬರ್ 4ರಂದು ಲಾಸ್ ಏಂಜಲಿಸ್‌ನಲ್ಲಿ ಹೆರಾಯಿನ್ ಅತಿಯಾಗಿ ತೀರಿಕೊಂಡಾಗ 'ಪರ್ಲ್' ಆಲ್ಬಮ್ಮಿನ ಒಂದು ಹಾಡಿಗೆ ಅವಳ ದನಿ ಸೇರುವುದು ಬಾಕಿಯಿತ್ತು. ಅದು ಇಂದಿಗೂ ಗಾಯನವಿಲ್ಲದ ಬರಿಯ ವಾದ್ಯಸಂಗೀತವಾಗಿಯೇ ಆ ಆಲ್ಬಮ್ಮಿನಲ್ಲಿದೆ. ಅದಕ್ಕೆ ಎರಡು ವಾರ ಮೊದಲು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಲಂಡನ್ನಿನಲ್ಲಿ ನಿದ್ದೆಮಾತ್ರೆಗಳ ಮಂಪರಿನಲ್ಲಿ ಉಸಿರುಗಟ್ಟಿ ಸತ್ತಿದ್ದ. ಕೆನಡಾ ಮೂಲದ ನೀಲ್ ಯಂಗ್ 1972ರ ನವೆಂಬರ್‌ನಲ್ಲಿ, ಹೆರಾಯಿನ್ ಚಟದಿಂದ ನುಡಿಸಲಾಗದ ಸ್ಥಿತಿಯಲ್ಲಿದ್ದ ತನ್ನ ಸಹವಾದಕ ಡ್ಯಾನಿ ವಿಟನ್‌ನನ್ನು ತಾಲೀಮಿನಿಂದ 50 ಡಾಲರ್ ಕೊಟ್ಟು ಮನೆಗೆ ಕಳಿಸಿದ; ವಿಟನ್ ಆ ರಾತ್ರಿಯೇ ಸತ್ತ. ಆ ಸಾವು ಮತ್ತು ಮರುವರ್ಷ ತಂಡದ ಸಹಾಯಕನೊಬ್ಬನ ಸಾವು ಇವೆರಡರ ದುಃಖದಿಂದ ಯಂಗ್ 1973ರಲ್ಲಿ ಮುದ್ರಿಸಿದ 'ಟುನೈಟ್ಸ್ ದ ನೈಟ್' 1975ರಲ್ಲಿ ಹೊರಬಂತು. ಅದೊಂದು ದೊಡ್ಡ ಕೃತಿ. ಅದು ಹುಟ್ಟಿದ್ದು ಹೆರಾಯಿನ್‌ನಿಂದ ಎನ್ನುವುದು ಬರಗಾಲದ ಕಥೆಗೆ ಬರಗಾಲವೇ ಲೇಖಕ ಎಂದಂತೆ.

ಹೆಂಡ್ರಿಕ್ಸ್, ಜೋಪ್ಲಿನ್, 'ರೋಲಿಂಗ್ ಸ್ಟೋನ್ಸ್' ತಂಡದ ಬ್ರಯನ್ ಜೋನ್ಸ್, 'ಡೋರ್ಸ್' ತಂಡದ ಜಿಮ್ ಮಾರಿಸನ್ ನಾಲ್ವರೂ 1969 ಮತ್ತು 1971ರ ನಡುವೆ 27ನೆಯ ವಯಸ್ಸಿನಲ್ಲಿ ಸತ್ತದ್ದರಿಂದ ಆ ಸಂಖ್ಯೆಗೆ ಒಂದು ಶಾಪದ ಬಣ್ಣ ಬಂತು. 1994ರಲ್ಲಿ ಕರ್ಟ್ ಕೋಬೇನ್, 2011ರಲ್ಲಿ ಆ್ಯಮಿ ವೈನ್‌ಹೌಸ್ ಅದೇ ವಯಸ್ಸಿನಲ್ಲಿ ಸತ್ತಾಗ ಪತ್ರಿಕೆಗಳು ಮತ್ತೆ ಅದನ್ನೇ ಎತ್ತಿದವು. 2011ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಧ್ಯಯನ, 1956ರಿಂದ 2007ರವರೆಗೆ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಆಲ್ಬಮ್ಮುಗಳ 1,046 ಸಂಗೀತಗಾರರನ್ನು ಲೆಕ್ಕಕ್ಕೆ ತೆಗೆದುಕೊಂಡು, 27ನೆಯ ವಯಸ್ಸಿನಲ್ಲಿ ಸಾವು ಏರುವುದಿಲ್ಲವೆಂದು ತೋರಿಸಿತು. ಆದರೆ ಇಪ್ಪತ್ತು ಮತ್ತು ಮೂವತ್ತರ ಹರೆಯದುದ್ದಕ್ಕೂ ಅವರ ಸಾವಿನ ಪ್ರಮಾಣ ಸಾಮಾನ್ಯ ಜನರಿಗಿಂತ ಎರಡು ಮೂರು ಪಟ್ಟು ಹೆಚ್ಚೆಂದೂ ಅದೇ ಅಧ್ಯಯನ ಕಂಡುಕೊಂಡಿತು. ಶಾಪ ಸುಳ್ಳು, ಅಪಾಯ ನಿಜ.

ಈ ಅಪಾಯದಲ್ಲಿ ವೈದ್ಯರ ಚೀಟಿಯ ಪಾಲೂ ದೊಡ್ಡದು. ಎಲ್ವಿಸ್ ಪ್ರೀಸ್ಲಿ 1977ರ ಆಗಸ್ಟ್ 16ರಂದು 42ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವನ ರಕ್ತದಲ್ಲಿದ್ದವು ಬಹುಮಟ್ಟಿಗೆ ಔಷಧದಂಗಡಿಯ ಮಾತ್ರೆಗಳೇ. 'ದ ಹೂ' ತಂಡದ ಡ್ರಮ್ಸ್ ವಾದಕ ಕೀತ್ ಮೂನ್ 1978ರಲ್ಲಿ ಸತ್ತದ್ದು ಕುಡಿತ ಬಿಡಲೆಂದು ಕೊಟ್ಟಿದ್ದ ಮಾತ್ರೆಗಳನ್ನು ಮಿತಿಮೀರಿ ನುಂಗಿ. ಟಾಮ್ ಪೆಟಿ 2017ರಲ್ಲಿ ಸೊಂಟದ ಮೂಳೆ ಮುರಿದಿದ್ದರೂ ತನ್ನ ಪ್ರವಾಸವನ್ನು ನಿಲ್ಲಿಸದೆ ಮುಗಿಸಿದ. ಕೆಲವೇ ದಿನಗಳಲ್ಲಿ ಫೆಂಟನಿಲ್ ಸೇರಿದ ನೋವುನಿವಾರಕಗಳ ಮಿಶ್ರಣ ಅವನ ಉಸಿರು ನಿಲ್ಲಿಸಿತು. ಫೆಂಟನಿಲ್ ಮಾರ್ಫಿನ್‌ಗಿಂತ ಹಲವು ಹತ್ತು ಪಟ್ಟು ಪ್ರಬಲವಾದ ಕೃತಕ ನೋವುನಿವಾರಕ. ಅದಕ್ಕೂ ಹಿಂದಿನ ವರ್ಷ ಪ್ರಿನ್ಸ್ ಸತ್ತದ್ದೂ ಅದರಿಂದಲೇ. ನೂರಾರು ಜನರ ಸಂಬಳ ಒಬ್ಬನ ಹಾಜರಿಯ ಮೇಲೆ ನಿಂತಿರುವ ಉದ್ಯಮದಲ್ಲಿ, ಕಲಾವಿದನನ್ನು ಮಲಗಿಸುವ ಮಾತ್ರೆಗೂ ಎಬ್ಬಿಸುವ ಮಾತ್ರೆಗೂ ಕೊರತೆ ಬಾರದಂತೆ ನೋಡಿಕೊಳ್ಳುವವರು ಸಿಗುತ್ತಾರೆ, ಸಾಕು ಎನ್ನುವವರು ಸಿಗುವುದಿಲ್ಲ. ರಾಕ್ ಬದುಕಿನ ನಶೆಯನ್ನು ಬಂಡಾಯವೆಂದು ಬಣ್ಣಿಸುವವರು ಅದು ಎಷ್ಟರಮಟ್ಟಿಗೆ ಕಾರ್ಖಾನೆಯ ಪಾಳಿಯಂತೆ ನಡೆದಿತ್ತೆಂಬುದನ್ನು ಗಮನಿಸಿಲ್ಲ.

ಅಭಿಮಾನಿಗಳ ವಾದಕ್ಕೆ ಅತ್ಯಂತ ಗಟ್ಟಿ ಆಧಾರ ಒದಗಿಸುವವನು ಇಂಗ್ಲಿಷ್ ಗಾಯಕ ಡೇವಿಡ್ ಬೋವಿ. 1975ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ವಿಪರೀತ ಕೊಕೇನ್ ಸೇವಿಸುತ್ತ, ಊಟ ನಿದ್ದೆಗಳನ್ನು ಬಿಟ್ಟು, ಭೀತಿಯ ಭ್ರಮೆಗಳಲ್ಲಿ ಮುಳುಗಿದ್ದ ಅವನು 'ಸ್ಟೇಷನ್ ಟು ಸ್ಟೇಷನ್' ಆಲ್ಬಮ್ಮನ್ನು ಮುದ್ರಿಸಿದ; ಅದರ ಕೆಲಸದ ನೆನಪೇ ತನಗಿಲ್ಲವೆಂದು ಮುಂದೆ ಹೇಳಿಕೊಂಡ. ಆಲ್ಬಮ್ ಮಾತ್ರ ಅವನ ಶ್ರೇಷ್ಠ ಕೃತಿಗಳಲ್ಲೊಂದು. ಇದನ್ನು ಒಪ್ಪಿಕೊಳ್ಳಲೇಬೇಕು, ಒಪ್ಪಿಕೊಂಡ ಮೇಲೆ ಮುಂದಿನದನ್ನೂ ನೋಡಬೇಕು. ಸಾಯುವೆನೆಂಬ ಅಂಜಿಕೆಯಿಂದ 1976ರಲ್ಲಿ ಆ ನಗರ ಬಿಟ್ಟ ಬೋವಿ ಬರ್ಲಿನ್ ಸೇರಿದ, ಸಾಮಾನ್ಯ ವಸತಿಯೊಂದರಲ್ಲಿ ಬಾಡಿಗೆಗಿದ್ದ, ಕೊಕೇನ್‌ನಿಂದ ನಿಧಾನವಾಗಿ ಬಿಡಿಸಿಕೊಂಡ. ಸಂಗೀತಗಾರ ಬ್ರಯನ್ ಈನೊ ಮತ್ತು ನಿರ್ಮಾಪಕ ಟೋನಿ ವಿಸ್ಕಾಂಟಿ ಅವರೊಡನೆ ಸೇರಿ 1977ರಲ್ಲಿ ಅವನು ತಂದ 'ಲೋ' ಮತ್ತು 'ಹೀರೋಸ್' ಆಲ್ಬಮ್ಮುಗಳು ಮುಂದಿನ ಪೀಳಿಗೆಯ ಸಂಗೀತಕ್ಕೆ ಅಡಿಪಾಯವಾದವು. 'ಸ್ಟೇಷನ್ ಟು ಸ್ಟೇಷನ್' ಮತ್ತು 'ಲೋ' ಎರಡನ್ನೂ ಒಂದರ ಹಿಂದೊಂದು ಕೇಳುವವರಿಗೆ, ಚರಿತ್ರೆ ಗೊತ್ತಿಲ್ಲದಿದ್ದರೆ, ಯಾವುದು ನಶೆಯ ಕೂಸು ಯಾವುದು ಚೇತರಿಕೆಯದು ಎಂದು ಹೇಳಲು ಬಾರದು. ಎರಡರಲ್ಲೂ ಗಿಟಾರ್ ನುಡಿಸಿದವನು ಅದೇ ಕಾರ್ಲೋಸ್ ಅಲೊಮಾರ್, ಲಯ ಹಿಡಿದವರು ಅದೇ ಡೆನಿಸ್ ಡೇವಿಸ್ ಮತ್ತು ಜಾರ್ಜ್ ಮರ್ರೆ. ಬದಲಾದದ್ದು ಒಬ್ಬ ಮನುಷ್ಯ ಬದುಕುವ ಸಂಭವ. ಬೋವಿ 2016ರವರೆಗೆ ಬದುಕಿದ, ಕೊನೆಯವರೆಗೂ ಹಾಡು ಬರೆದ.

ಬಿಟ್ಟು ಹೊರಬಂದವರ ಸಾಲು ಚಿಕ್ಕದಲ್ಲ. ಟೆಕ್ಸಾಸ್‌ನ ಗಿಟಾರ್ ವಾದಕ ಸ್ಟೀವಿ ರೇ ವಾನ್ 1986ರಲ್ಲಿ ಕುಡಿತ ಮತ್ತು ಕೊಕೇನ್ ಎರಡನ್ನೂ ತೊರೆದು 1989ರಲ್ಲಿ 'ಇನ್ ಸ್ಟೆಪ್' ಆಲ್ಬಮ್ ಮಾಡಿದ. ಮರುವರ್ಷ ಅವನನ್ನು ಕೊಂದದ್ದು ಹೆಲಿಕಾಪ್ಟರ್ ಅಪಘಾತ. ಎರಿಕ್ ಕ್ಲಾಪ್ಟನ್ 1970ರಲ್ಲಿ ಮಯಾಮಿಯಲ್ಲಿ, ತಂಡವೆಲ್ಲ ನಶೆಯಲ್ಲಿದ್ದ ಕಾಲದಲ್ಲಿ, 'ಲೈಲಾ' ಹಾಡನ್ನು ಮುದ್ರಿಸಿದ, ಆಮೇಲೆ ಹೆರಾಯಿನ್‌ಗೆ ಸಿಲುಕಿ ಸುಮಾರು ಮೂರು ವರ್ಷ ಮನೆಬಿಟ್ಟು ವಿರಳವಾಗಿ ಮಾತ್ರ ಹೊರಬಂದ, ಅದರಿಂದ ಬಿಡಿಸಿಕೊಂಡು ಕುಡಿತಕ್ಕೆ ಬಿದ್ದ, 1980ರ ದಶಕದಲ್ಲಿ ಎರಡು ಸಲ ಚಿಕಿತ್ಸಾಲಯ ಸೇರಿದ. 1998ರಲ್ಲಿ ಅವನು ಕೆರಿಬಿಯನ್ ಸಮುದ್ರದ ಆಂಟಿಗುವಾ ದ್ವೀಪದಲ್ಲಿ 'ಕ್ರಾಸ್‌ರೋಡ್ಸ್' ಎಂಬ ವ್ಯಸನಮುಕ್ತಿ ಕೇಂದ್ರವನ್ನು ಸ್ಥಾಪಿಸಿದ. ಅದರ ಖರ್ಚಿಗಾಗಿ 1999ರ ಜೂನ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜು ಮಳಿಗೆಯಲ್ಲಿ ಅವನ ನೂರು ಗಿಟಾರುಗಳು ಮಾರಾಟವಾದವು. 'ಲೈಲಾ' ನುಡಿಸಿದ 'ಬ್ರೌನಿ' ಎಂಬ ಗಿಟಾರ್ ಸುಮಾರು 5 ಲಕ್ಷ ಡಾಲರ್‌ಗೆ ಹೋಯಿತು, ಹಣ ಆ ಕೇಂದ್ರಕ್ಕೆ ಸಂದಾಯವಾಯಿತು.